ಕಳೆದ ಕೀಲಿ, ಕಾಣುವ ಹೊನ್ನು: ಬಿಟ್‌ಕಾಯಿನ್ ಗಣಿಯ ಮೊದಲ ವರ್ಷಗಳು

ನಿಧಿ ಎಂದೊಡನೆ ಅಜ್ಜಿಯರ ಕಥೆಗಳಲ್ಲಿ ಮೂರು ಸಂಗತಿಗಳು ಬರುತ್ತಿದ್ದವು: ನೆಲದಲ್ಲಿ ಹುಗಿದಿಟ್ಟ ತಾಮ್ರದ ಕೊಪ್ಪರಿಗೆ, ಅದರ ಮೇಲೆ ಸುತ್ತಿಕೊಂಡು ಮಲಗಿದ ಸರ್ಪ, ಮತ್ತು ಜಾಗದ ಗುಟ್ಟು ಯಾರಿಗೂ ಹೇಳದೆ ಕಣ್ಣು ಮುಚ್ಚಿದ ಮನೆಯ ಯಜಮಾನ. ಕಾತ್ರಜದ ಸರ್ಪೋದ್ಯಾನ ನೋಡಿ ಬಂದ ಮಕ್ಕಳಿಗೂ ಗೊತ್ತು, ಹಾವಿಗೆ ಹೊನ್ನಿನ ಗೊಡವೆ ಇಲ್ಲ. ಕೊಪ್ಪರಿಗೆ ಹುಗಿಯುವ ಕಾಲವೂ ಹೋಯಿತು. ಆದರೆ ಗುಟ್ಟು ಹೇಳದೆ ಹೋಗುವ ಯಜಮಾನ ಇನ್ನೂ ನಮ್ಮ ನಡುವೆ ಇದ್ದಾನೆ. ಅವನ ಕೊಪ್ಪರಿಗೆ ಈಗ ಹಳೆಯ ಲ್ಯಾಪ್‌ಟಾಪಿನಲ್ಲೋ, ಪೆನ್‌ಡ್ರೈವಿನಲ್ಲೋ, ಮೊಬೈಲಿನ ಒಂದು ಆ್ಯಪಿನಲ್ಲೋ ಇರುತ್ತದೆ.

ಈ ಲೇಖನ ಆ ಹೊಸ ನಿಧಿಯ ಇತಿಹಾಸದ ಬಗ್ಗೆ. ಇದನ್ನು ಪುಣೆಯಲ್ಲಿ ಕುಳಿತು ಬರೆಯುವುದಕ್ಕೆ ಕಾರಣವೂ ಇದೆ. ಊರಿನಿಂದ ಸತಾರಾ ದಾರಿಯಾಗಿ ಘಾಟು ಇಳಿದು ಬರುವ ನಮ್ಮವರಿಗೆ ಕಾತ್ರಜವೇ ಪುಣೆಯ ಹೊಸ್ತಿಲು. ಆ ಹೆದ್ದಾರಿಯ ಒಂದು ಕಡೆ ಪುಣೆ, ಇನ್ನೊಂದು ಕಡೆ ಬೆಂಗಳೂರು. ಬಿಟ್‌ಕಾಯಿನ್ ಎಂಬ ಹೊಸ ಹಣದ ಭಾರತೀಯ ಅಧ್ಯಾಯದಲ್ಲಿ ಈ ಎರಡೂ ಊರುಗಳ ಹೆಸರು ಬರುತ್ತದೆ. ಎರಡೂ ಕಡೆ ಪ್ರಶ್ನೆ ಒಂದೇ: ಕೀಲಿ ಯಾರ ಕೈಯಲ್ಲಿತ್ತು?

ಎಲ್ಲರ ಕೈಯಲ್ಲಿರುವ ಖಾತೆ ಪುಸ್ತಕ

2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಒಂಬತ್ತು ಪುಟಗಳ ಪ್ರಬಂಧವೊಂದು ಅಂತರ್ಜಾಲದಲ್ಲಿ ಪ್ರಕಟವಾಯಿತು. ಬ್ಯಾಂಕಿನ ಮಧ್ಯಸ್ಥಿಕೆ ಇಲ್ಲದೆ ಒಬ್ಬರಿಂದ ಇನ್ನೊಬ್ಬರಿಗೆ ಹಣ ಕಳಿಸುವ ವಿಧಾನ ಅದರಲ್ಲಿತ್ತು. ಆ ಹೆಸರಿನ ಹಿಂದೆ ಇದ್ದದ್ದು ಒಬ್ಬರೋ, ಹಲವರೋ, ಗಂಡೋ, ಹೆಣ್ಣೋ ಎಂಬುದು ಇಂದಿಗೂ ಸಾಬೀತಾಗಿಲ್ಲ. 2009ರ ಜನವರಿ 3ರಂದು ಮೊದಲ ಕಂತು, ಅಂದರೆ ಮೊದಲ ‘ಬ್ಲಾಕ್’ ಸಿದ್ಧವಾಯಿತು. ಅಂದಿನ ಲಂಡನ್ ‘ಟೈಮ್ಸ್’ ಪತ್ರಿಕೆಯ ಒಂದು ತಲೆಬರಹವನ್ನು ಅದರೊಳಗೆ ಸೇರಿಸಲಾಗಿತ್ತು. ಮುಳುಗುತ್ತಿದ್ದ ಬ್ಯಾಂಕುಗಳಿಗೆ ಸರ್ಕಾರ ಎರಡನೆಯ ಸಲ ನೆರವು ಕೊಡುವ ಸುದ್ದಿ ಅದು. ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿದ್ದ ಹೊತ್ತು. ಬ್ಯಾಂಕುಗಳ ಮೇಲಿನ ಸಿಟ್ಟು ಈ ಹಣದ ಹುಟ್ಟಿನಲ್ಲೇ ಇತ್ತು.

ಇದರ ಕೆಲಸವನ್ನು ನಾವು ಹೆಣ್ಣುಮಕ್ಕಳಿಗೆ ತಿಳಿಸುವುದು ಕಷ್ಟವಲ್ಲ. ಊರಲ್ಲಿ ಚೀಟಿ ಎನ್ನುತ್ತೇವೆ, ಪುಣೆಯಲ್ಲಿ ಭಿಶಿ ಎನ್ನುತ್ತೇವೆ. ಒಬ್ಬಳು ಲೆಕ್ಕದ ಪುಸ್ತಕ ಇಟ್ಟುಕೊಂಡಿರುತ್ತಾಳೆ, ಉಳಿದವರು ಅವಳನ್ನು ನಂಬುತ್ತಾರೆ. ಈಗ ಪುಸ್ತಕ ಒಬ್ಬಳ ಬಳಿ ಇರದೆ, ಎಲ್ಲ ಸದಸ್ಯೆಯರ ಮನೆಯಲ್ಲೂ ಒಂದೊಂದು ಪ್ರತಿ ಇದೆ ಎಂದುಕೊಳ್ಳಿ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ಸಾಲು ಎಲ್ಲ ಪ್ರತಿಗಳಲ್ಲೂ ಏಕಕಾಲಕ್ಕೆ ಸೇರಬೇಕು. ಹಾಗಾದರೆ ಮುಂದಿನ ಪುಟವನ್ನು ಬರೆಯುವ ಹಕ್ಕು ಯಾರದು? ಇಲ್ಲಿಯೇ ‘ಗಣಿಗಾರಿಕೆ’ ಬರುತ್ತದೆ.

ಹೊಸ ಪುಟವನ್ನು ಸೇರಿಸಬೇಕೆನ್ನುವ ಕಂಪ್ಯೂಟರು ಒಂದು ಒಗಟು ಬಿಡಿಸಬೇಕು. ಪುಟದ ವಿವರಗಳ ಜೊತೆ ಒಂದು ಸಂಖ್ಯೆ ಸೇರಿಸಿ, ಎಸ್‌ಎಚ್‌ಎ-256 ಎಂಬ ಗಣಿತದ ಗಿರಣಿಗೆ ಹಾಕಿ ಬೀಸಬೇಕು. ಹೊರಬಂದ ಉತ್ತರದ ಆರಂಭದಲ್ಲಿ ಬೇಕಾದಷ್ಟು ಸೊನ್ನೆಗಳಿದ್ದರೆ ಗೆದ್ದಂತೆ, ಇಲ್ಲದಿದ್ದರೆ ಸಂಖ್ಯೆ ಬದಲಿಸಿ ಮತ್ತೆ ಬೀಸಬೇಕು. ಜಾಣತನಕ್ಕೆ ಇಲ್ಲಿ ಜಾಗವಿಲ್ಲ. ಎಷ್ಟು ವೇಗವಾಗಿ, ಎಷ್ಟು ಸಲ ಬೀಸುತ್ತೀರಿ ಎಂಬುದಷ್ಟೇ ಲೆಕ್ಕ. ಗೆದ್ದವರಿಗೆ ಹೊಸದಾಗಿ ಹುಟ್ಟಿದ ಬಿಟ್‌ಕಾಯಿನ್ ಬಹುಮಾನ. ಮೊದಲಿಗೆ ಅದು ಒಂದು ಪುಟಕ್ಕೆ 50 ಇತ್ತು. ಪ್ರತಿ 2,10,000 ಪುಟಗಳಿಗೊಮ್ಮೆ, ಅಂದರೆ ಸುಮಾರು ನಾಲ್ಕು ವರ್ಷಕ್ಕೊಮ್ಮೆ, ಬಹುಮಾನ ಅರ್ಧವಾಗುತ್ತದೆ. 2012ರ ನವೆಂಬರ್ 28ರಂದು 25 ಆಯಿತು, 2016ರ ಜುಲೈ 9ರಂದು 12.5, 2020ರ ಮೇ ತಿಂಗಳಲ್ಲಿ 6.25, 2024ರ ಏಪ್ರಿಲ್‌ನಲ್ಲಿ 3.125. ಒಟ್ಟು ಹುಟ್ಟುವುದು 2 ಕೋಟಿ 10 ಲಕ್ಷ ಮಾತ್ರ. ಅದರಲ್ಲಿ 1 ಕೋಟಿ 90 ಲಕ್ಷಕ್ಕೂ ಹೆಚ್ಚು ಈಗಾಗಲೇ ಹೊರಬಂದಿದೆ.

ಗಣಿ ಎಂಬ ಮಾತು ಕನ್ನಡಿಗರಿಗೆ ಕೋಲಾರವನ್ನು ನೆನಪಿಸುತ್ತದೆ. ಹೋಲಿಕೆ ಬರೀ ಹೆಸರಿನದಲ್ಲ. ಕೋಲಾರದ ಚಿನ್ನ ತೆಗೆಯುವುದಕ್ಕೆಂದೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ತಂತಿ ಎಳೆಯಲಾಯಿತು. ಗಣಿ ಆಳವಾದಷ್ಟೂ ಖರ್ಚು ಹೆಚ್ಚಿತು, ಅದಿರಿನಲ್ಲಿ ಚಿನ್ನ ಕಡಿಮೆಯಾಯಿತು, 2001ರ ಫೆಬ್ರವರಿ 28ರಂದು ಗಣಿಯನ್ನು ಮುಚ್ಚಿದರು. ಬಿಟ್‌ಕಾಯಿನ್ ಗಣಿಯೂ ವಿದ್ಯುತ್ತನ್ನು ತಿನ್ನುತ್ತದೆ, ಇಲ್ಲಿಯೂ ಕಾಲ ಕಳೆದಂತೆ ದುಡಿಮೆ ಹೆಚ್ಚು, ಸಿಗುವುದು ಕಡಿಮೆ. ಒಂದೇ ವ್ಯತ್ಯಾಸ. ಕೋಲಾರದಲ್ಲಿ ಇಳುವರಿಯನ್ನು ನಿರ್ಧರಿಸಿದ್ದು ಭೂಮಿ. ಇಲ್ಲಿ ಅದನ್ನು ಮೊದಲೇ ಬರೆದಿಟ್ಟಿದ್ದಾರೆ.

ಫ್ಯಾನಿನ ಸದ್ದಿಗೆ ನಿಂತ ಗಣಿ

ಮೊದಲ ದಿನಗಳಲ್ಲಿ ಮನೆಯ ಸಾಧಾರಣ ಕಂಪ್ಯೂಟರಿನಲ್ಲೇ ಈ ಗಣಿ ನಡೆಯುತ್ತಿತ್ತು. 2009ರ ಜನವರಿ 9ರಂದು ತಂತ್ರಾಂಶ ಬಿಡುಗಡೆಯಾದಾಗ ಅದನ್ನು ಇಳಿಸಿಕೊಂಡವರಲ್ಲಿ ಕ್ಯಾಲಿಫೋರ್ನಿಯಾದ ಹ್ಯಾಲ್ ಫಿನ್ನಿ ಒಬ್ಬರು. ಜನವರಿ 12ರಂದು ಸತೋಶಿ ಅವರಿಗೆ 10 ಬಿಟ್‌ಕಾಯಿನ್ ಕಳಿಸಿದ್ದೇ ಒಬ್ಬರಿಂದ ಇನ್ನೊಬ್ಬರಿಗೆ ನಡೆದ ಮೊದಲ ವರ್ಗಾವಣೆ. ಫಿನ್ನಿ ಕೆಲವು ದಿನ ಗಣಿ ನಡೆಸಿ ನಿಲ್ಲಿಸಿಬಿಟ್ಟರು. ಕಾರಣವನ್ನು ಅವರೇ 2013ರಲ್ಲಿ ಬರೆದರು: ಕಂಪ್ಯೂಟರ್ ಬಿಸಿಯಾಗುತ್ತಿತ್ತು, ಫ್ಯಾನಿನ ಸದ್ದು ಕಿರಿಕಿರಿ ಮಾಡುತ್ತಿತ್ತು. ಆಗ ಅದಕ್ಕೆ ಬೆಲೆಯೇ ಇರಲಿಲ್ಲ ಎಂಬುದನ್ನು ಮರೆಯಬಾರದು.

ಬೆಲೆ ಬಂದದ್ದು ಹಸಿವಿನ ಮೂಲಕ. 2010ರ ಮೇ 22ರಂದು ಫ್ಲಾರಿಡಾದ ಲ್ಯಾಜ್ಲೊ ಹಾನ್ಯೆಚ್ ಎಂಬ ಪ್ರೋಗ್ರಾಮರ್ ಎರಡು ಪಿಜ್ಜಾಗಳಿಗೆ 10,000 ಬಿಟ್‌ಕಾಯಿನ್ ಕೊಟ್ಟರು. ಇವತ್ತು ಎಲ್ಲರೂ ಅವರನ್ನು ನೋಡಿ ನಗುತ್ತಾರೆ, ಆದರೆ ಈ ಹಣದಿಂದ ಒಂದು ವಸ್ತುವನ್ನು ಕೊಳ್ಳಬಹುದು ಎಂದು ತೋರಿಸಿಕೊಟ್ಟವರು ಅವರು. ಚಿತ್ರಗಳನ್ನು ಸರಾಗವಾಗಿ ತೋರಿಸಲು ಕಂಪ್ಯೂಟರಿನಲ್ಲಿರುವ ಗ್ರಾಫಿಕ್ಸ್ ಕಾರ್ಡನ್ನು ಗಣಿಗೆ ಹಚ್ಚಿದ ಮೊದಲಿಗರಲ್ಲೂ ಅವರ ಹೆಸರಿದೆ. ಅಲ್ಲಿಂದ ಪೈಪೋಟಿ ಶುರುವಾಯಿತು. ಅದೇ ವರ್ಷದ ಕೊನೆಗೆ ಹಲವರು ಸೇರಿ ದುಡಿದು ಹಂಚಿಕೊಳ್ಳುವ ‘ಪೂಲ್’ ಪದ್ಧತಿ ಬಂತು. 2013ರಲ್ಲಿ ಗಣಿಗಾರಿಕೆಗೆಂದೇ ತಯಾರಿಸಿದ ಎಸಿಕ್ ಚಿಪ್ಪಿನ ಯಂತ್ರಗಳು ಮಾರುಕಟ್ಟೆಗೆ ಬಂದವು. ಅಲ್ಲಿಗೆ ಮನೆಯ ಕಂಪ್ಯೂಟರಿನ ಕಾಲ ಮುಗಿಯಿತು.

ಇಲ್ಲಿ ಒಂದು ನಿಯಮವನ್ನು ಗಮನಿಸಬೇಕು, ಮುಂದೆ ಪುಣೆಯ ಕಥೆಗೆ ಇದು ಬೇಕು. ಎಷ್ಟೇ ಯಂತ್ರಗಳು ಸೇರಲಿ, ಸುಮಾರು ಹತ್ತು ನಿಮಿಷಕ್ಕೆ ಒಂದೇ ಪುಟ. ಯಂತ್ರಗಳು ಹೆಚ್ಚಿ ಪುಟಗಳು ಬೇಗಬೇಗ ಬರತೊಡಗಿದರೆ, ಪ್ರತಿ 2,016 ಪುಟಗಳಿಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ, ಒಗಟು ತಾನೇ ಕಠಿಣವಾಗುತ್ತದೆ. ಪಾತ್ರೆಯಲ್ಲಿರುವ ಪಾಯಸ ಅಷ್ಟೇ, ಪಂಕ್ತಿ ಉದ್ದವಾದಂತೆ ಒಬ್ಬೊಬ್ಬರ ಎಲೆಗೆ ಬೀಳುವುದು ಕಡಿಮೆ.

ವಾಲೆಟ್‌ನಲ್ಲಿ ಹಣ ಇರುವುದಿಲ್ಲ

‘ವಾಲೆಟ್’ ಎಂಬ ಹೆಸರೇ ನಮ್ಮ ದಾರಿ ತಪ್ಪಿಸುತ್ತದೆ. ಪರ್ಸ್ ಕಳೆದರೆ ಅದರೊಳಗಿನ ನೋಟೂ ಹೋಯಿತು. ಬಿಟ್‌ಕಾಯಿನ್ ವಾಲೆಟ್‌ನಲ್ಲಿ ನಾಣ್ಯ ಇರುವುದೇ ಇಲ್ಲ, ಇರುವುದು ಕೀಲಿ. ನಾಣ್ಯದ ಲೆಕ್ಕವೆಲ್ಲ ಎಲ್ಲರ ಬಳಿಯೂ ಇರುವ ಆ ಖಾತೆ ಪುಸ್ತಕದಲ್ಲಿದೆ.

ಕಾತ್ರಜದವರಿಗೆ ಇದನ್ನು ಕೆರೆಯ ಉದಾಹರಣೆಯಿಂದ ಹೇಳಬಹುದು. ನಾನಾಸಾಹೇಬ್ ಪೇಶ್ವೆಯ ಕಾಲದಲ್ಲಿ, 1750ರ ಸುಮಾರಿಗೆ, ಕಾತ್ರಜದ ಕೆರೆಯಿಂದ ನೆಲದಡಿಯ ಕಾಲುವೆಯೊಂದರ ಮೂಲಕ ಶನಿವಾರವಾಡೆಗೂ ಪೇಟೆಯ ಹೌದುಗಳಿಗೂ ನೀರು ತಂದರು. ಪೇಟೆಯ ಜನರಿಗೆ ಕಾಣುತ್ತಿದ್ದದ್ದು ಹೌದಿನ ನೀರು, ಕಾಲುವೆ ನೆಲದೊಳಗೆ ಅಡಗಿತ್ತು. ಬಿಟ್‌ಕಾಯಿನ್ ಇದಕ್ಕೆ ತಿರುಗುಮುರುಗು. ಕಾಲುವೆಯೆಲ್ಲ ಬಯಲಲ್ಲಿದೆ, ಯಾವ ಹೌದಿನಲ್ಲಿ ಎಷ್ಟು ನೀರಿದೆ ಎಂದು ಯಾರು ಬೇಕಾದರೂ ನೋಡಬಹುದು. ಆದರೆ ಒಂದೊಂದು ಹೌದಿಗೂ ಬೀಗವಿದೆ, ಅದರ ಕೀಲಿ ಒಬ್ಬರ ಹತ್ತಿರ ಮಾತ್ರ.

ಆ ಕೀಲಿ ಒಂದು ಸಂಖ್ಯೆ, 78 ಅಂಕಿಗಳಷ್ಟು ಉದ್ದದ್ದು. ಊಹಿಸಿ ತೆರೆಯುವ ಮಾತೇ ಇಲ್ಲ. ಆರಂಭದ ತಂತ್ರಾಂಶ ಇಂಥ ಕೀಲಿಗಳನ್ನು ಕಂಪ್ಯೂಟರಿನ ಒಂದು ಪುಟ್ಟ ಫೈಲಿನಲ್ಲಿ ಇಡುತ್ತಿತ್ತು. ಆ ಫೈಲಿಗೆ ಪಾಸ್‌ವರ್ಡ್ ಹಾಕುವ ಸೌಲಭ್ಯ ಬಂದದ್ದೇ 2011ರಲ್ಲಿ. ಅದಕ್ಕೂ ಮುಂಚೆ ಗಣಿ ನಡೆಸಿದವರು ಫೈಲನ್ನು ಹಾಗೆಯೇ ಬಿಟ್ಟಿದ್ದರು. ಕಂಪ್ಯೂಟರ್ ಹಾಳಾದಾಗ, ಮಾರಿದಾಗ, ಹೊಸ ವಿಂಡೋಸ್ ಹಾಕಿದಾಗ ಎಷ್ಟೋ ಕೀಲಿಗಳು ಅಳಿಸಿಹೋದವು. 2013ರ ನಂತರ ಉದ್ದದ ಸಂಖ್ಯೆಯ ಬದಲು 12 ಅಥವಾ 24 ಸಾಮಾನ್ಯ ಪದಗಳನ್ನು ಬರೆದಿಟ್ಟುಕೊಳ್ಳುವ ಪದ್ಧತಿ ಬಂತು. 2,048 ಪದಗಳ ಪಟ್ಟಿಯಿಂದ ಅವುಗಳನ್ನು ಆರಿಸಲಾಗುತ್ತದೆ. ಇಂಗ್ಲಿಷ್, ಜಪಾನಿ, ಸ್ಪ್ಯಾನಿಷ್, ಕೊರಿಯನ್ ಪಟ್ಟಿಗಳಿವೆ, ಕನ್ನಡದ್ದಿಲ್ಲ. ಹಾಗಾಗಿ ಕನ್ನಡ ಮಾತ್ರ ಓದಬಲ್ಲ ತಾಯಿಯೊಬ್ಬಳಿಗೆ ಮಗನ ಡೈರಿಯಲ್ಲಿರುವ 12 ಇಂಗ್ಲಿಷ್ ಪದಗಳು ಕಂಡರೆ, ಅದು ಅವನ ಆಸ್ತಿ ಎಂದು ಹೊಳೆಯುವುದಾದರೂ ಹೇಗೆ?

2020ರಲ್ಲಿ ಚೈನಾಲಿಸಿಸ್ ಸಂಸ್ಥೆ ಮಾಡಿದ ಅಂದಾಜಿನಂತೆ, ಅಲ್ಲಿಯವರೆಗೆ ಹುಟ್ಟಿದ ಬಿಟ್‌ಕಾಯಿನ್‌ಗಳಲ್ಲಿ ಸುಮಾರು ಐದನೆಯ ಒಂದು ಭಾಗ ಹೀಗೆ ಕಳೆದುಹೋಗಿದೆ ಅಥವಾ ಸಿಕ್ಕಿಹಾಕಿಕೊಂಡಿದೆ. ಅವೆಲ್ಲ ಖಾತೆ ಪುಸ್ತಕದಲ್ಲಿ ಇಂದಿಗೂ ಕಾಣುತ್ತವೆ.

ಕಳೆದವರು, ಪಡೆದವರು

ವೇಲ್ಸ್‌ನ ನ್ಯೂಪೋರ್ಟ್ ಊರಿನ ಜೇಮ್ಸ್ ಹೊವೆಲ್ಸ್ 2009ರಲ್ಲೇ ಗಣಿ ನಡೆಸಿ ಸುಮಾರು 8,000 ಬಿಟ್‌ಕಾಯಿನ್ ಗಳಿಸಿದ್ದರು. 2013ರಲ್ಲಿ ಮನೆ ಸ್ವಚ್ಛ ಮಾಡುವಾಗ ಆ ಹಾರ್ಡ್ ಡಿಸ್ಕ್ ಕಸದ ಚೀಲ ಸೇರಿತು, ಅಲ್ಲಿಂದ ಊರ ಕಸದ ಗುಡ್ಡೆಗೆ. ಅಗೆಯಲು ಅನುಮತಿ ಕೊಡಿ ಎಂದು ವರ್ಷಗಟ್ಟಲೆ ನಗರಸಭೆಯನ್ನು ಕೇಳಿದರು. ಪರಿಸರದ ಕಾರಣ ಹೇಳಿ ನಗರಸಭೆ ಒಪ್ಪಲಿಲ್ಲ. 2025ರ ಜನವರಿಯಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಅವರ ದಾವೆಯನ್ನು ತಳ್ಳಿಹಾಕಿತು.

ಸ್ಟೆಫಾನ್ ಥಾಮಸ್ ಕಥೆ ಇನ್ನೊಂದು ಬಗೆಯದು. 2011ರಲ್ಲಿ ಬಿಟ್‌ಕಾಯಿನ್ ಎಂದರೇನು ಎಂದು ವಿವರಿಸುವ ವಿಡಿಯೋ ಮಾಡಿಕೊಟ್ಟಿದ್ದಕ್ಕೆ ಅವರಿಗೆ ಬಿಟ್‌ಕಾಯಿನ್ ಸಿಕ್ಕಿತ್ತು. 7,002 ಬಿಟ್‌ಕಾಯಿನ್‌ಗಳ ಕೀಲಿಯನ್ನು ಐರನ್‌ಕೀ ಎಂಬ ಭದ್ರ ಪೆನ್‌ಡ್ರೈವಿನಲ್ಲಿ ಇಟ್ಟರು, ಅದರ ಪಾಸ್‌ವರ್ಡ್ ಬರೆದ ಕಾಗದ ಕಳೆದುಹೋಯಿತು. ಆ ಸಾಧನಕ್ಕೆ ಹತ್ತೇ ಅವಕಾಶ, ಆಮೇಲೆ ಶಾಶ್ವತವಾಗಿ ಬೀಗ. 2021ರ ಜನವರಿಯಲ್ಲಿ ಅವರ ಕಥೆ ಪತ್ರಿಕೆಗಳಲ್ಲಿ ಬಂದಾಗ ಎಂಟು ಅವಕಾಶ ಮುಗಿದಿದ್ದವು.

ಮರಳಿ ಪಡೆದವರೂ ಇದ್ದಾರೆ. ಯುರೋಪಿನ ಒಬ್ಬ ವ್ಯಕ್ತಿ 2013ರಲ್ಲಿ 43.6 ಬಿಟ್‌ಕಾಯಿನ್ ಇದ್ದ ವಾಲೆಟ್‌ಗೆ ರೋಬೋಫಾರ್ಮ್ ಎಂಬ ತಂತ್ರಾಂಶದಿಂದ 20 ಅಕ್ಷರಗಳ ಪಾಸ್‌ವರ್ಡ್ ತಯಾರಿಸಿಕೊಂಡಿದ್ದ. ಅದನ್ನು ಉಳಿಸಿದ್ದ ಫೈಲ್ ಕೆಟ್ಟುಹೋಯಿತು. ಹತ್ತು ವರ್ಷಗಳ ಮೇಲೆ ಅಮೆರಿಕದ ಎಂಜಿನಿಯರ್ ಜೋ ಗ್ರ್ಯಾಂಡ್ ಮತ್ತು ಜರ್ಮನಿಯಲ್ಲಿದ್ದ ಅವರ ಸಂಗಾತಿ ಆ ತಂತ್ರಾಂಶದ ಹಳೆಯ ಆವೃತ್ತಿಯನ್ನು ಬಿಚ್ಚಿ ನೋಡಿದರು. ಅದು ಪಾಸ್‌ವರ್ಡನ್ನು ಕಂಪ್ಯೂಟರಿನ ಗಡಿಯಾರದ ಸಮಯಕ್ಕೆ ಜೋಡಿಸಿ ತಯಾರಿಸುತ್ತಿತ್ತು. ಹಾಗಿದ್ದರೆ ಗಡಿಯಾರವನ್ನು 2013ಕ್ಕೆ ಹಿಂದಿರುಗಿಸಿದರೆ ಅದೇ ಪಾಸ್‌ವರ್ಡ್ ಮತ್ತೆ ಹುಟ್ಟಬೇಕು! ಆದರೆ ದಿನ ಯಾವುದು ಎಂದು ಅವನಿಗೆ ನೆನಪಿರಲಿಲ್ಲ, ವಿಶೇಷ ಚಿಹ್ನೆಗಳನ್ನು ಬಳಸಿದ್ದೆ ಎಂಬ ಅವನ ನೆನಪೂ ತಪ್ಪಾಗಿತ್ತು. ಕೊನೆಗೆ ಸಿಕ್ಕಿದ್ದು 2013ರ ಮೇ 15ರಂದು ಹುಟ್ಟಿದ, ಚಿಹ್ನೆಗಳಿಲ್ಲದ ಪಾಸ್‌ವರ್ಡ್. 2024ರಲ್ಲಿ ಈ ವಿಷಯ ಹೊರಬಂತು.

ಈ ಮೂರು ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ಮರಳಿ ಪಡೆಯುವುದರ ತರ್ಕ ತಿಳಿಯುತ್ತದೆ. ಫೈಲ್ ಇದ್ದು ಪಾಸ್‌ವರ್ಡ್ ಮಾತ್ರ ಮರೆತಿದ್ದರೆ, ನೆನಪಿನ ತುಣುಕುಗಳ ಮೇಲೆ ಲಕ್ಷಾಂತರ ಊಹೆಗಳನ್ನು ಯಂತ್ರದಿಂದ ಪರೀಕ್ಷಿಸಬಹುದು. ಫೈಲ್ ಅಳಿಸಿದ್ದರೂ ಹಾರ್ಡ್ ಡಿಸ್ಕ್ ಕೈಯಲ್ಲಿದ್ದರೆ ಸ್ವಲ್ಪ ಆಸೆ ಇದೆ. ಅಳಿಸಿದ ಫೈಲಿನ ಜಾಗಕ್ಕೆ ಬೇರೆ ಫೈಲ್ ಬಂದು ಕೂರುವವರೆಗೆ ಹಳೆಯದು ಉಳಿದಿರುತ್ತದೆ, ಆದ್ದರಿಂದ ಆ ಕಂಪ್ಯೂಟರನ್ನು ಮತ್ತೆ ಬಳಸದಿರುವುದೇ ಮೊದಲ ಚಿಕಿತ್ಸೆ. ಡಿಸ್ಕೂ ಇಲ್ಲ, ಪದಗಳೂ ಇಲ್ಲ ಎಂದರೆ ಯಾವ ತಜ್ಞನೂ ಏನೂ ಮಾಡಲಾರ. ಯಾರಾದರೂ ಮಾಡಿಕೊಡುತ್ತೇನೆ ಎಂದರೆ ಅವನು ಮೋಸಗಾರ.

ಹೆದ್ದಾರಿಯ ಎರಡು ಕಡೆ

ಭಾರತದಲ್ಲಿ ಬಿಟ್‌ಕಾಯಿನ್ ಸದ್ದು ಮಾಡಿದ್ದು 2013ರಲ್ಲಿ. ಯುನೊಕಾಯಿನ್ ಎಂಬ ವಿನಿಮಯ ಸಂಸ್ಥೆ ಆ ವರ್ಷ ಹುಟ್ಟಿತು, ಅದರ ಬೇರು ನಮ್ಮ ತುಮಕೂರಿನಲ್ಲಿದೆ. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಿಟ್‌ಕಾಯಿನ್ ಸಮ್ಮೇಳನ ನಡೆಯಿತು. ಅದೇ ತಿಂಗಳ 24ರಂದು ರಿಸರ್ವ್ ಬ್ಯಾಂಕ್ ಮೊದಲ ಎಚ್ಚರಿಕೆ ಕೊಟ್ಟಿತು. 2018ರ ಏಪ್ರಿಲ್ 6ರಂದು ಬ್ಯಾಂಕುಗಳು ಈ ವ್ಯವಹಾರದಿಂದ ದೂರ ಇರಬೇಕೆಂದು ಸುತ್ತೋಲೆ ಹೊರಡಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. 2022ರ ಏಪ್ರಿಲ್‌ನಿಂದ ಇದರ ಲಾಭಕ್ಕೆ 30 ಶೇಕಡಾ ತೆರಿಗೆ ಬಂತು.

ಈ ಏರಿಳಿತದ ನಡುವೆ ಪುಣೆಗೆ ಹೊಡೆತ ಕೊಟ್ಟದ್ದು ಗೇನ್‌ಬಿಟ್‌ಕಾಯಿನ್. 2015ರಲ್ಲಿ ಅಮಿತ್ ಭಾರದ್ವಾಜ್ ಆರಂಭಿಸಿದ ಈ ಯೋಜನೆಯ ಭರವಸೆ ಸರಳವಾಗಿತ್ತು: ನಿಮ್ಮ ಬಿಟ್‌ಕಾಯಿನ್ ಕೊಡಿ, ನಾವು ಗಣಿಗಾರಿಕೆ ಮಾಡುತ್ತೇವೆ, ತಿಂಗಳಿಗೆ 10 ಶೇಕಡಾದಂತೆ 18 ತಿಂಗಳು ಕೊಡುತ್ತೇವೆ. ಒಬ್ಬರು ಇನ್ನೊಬ್ಬರನ್ನು ಸೇರಿಸಿದರೆ ಕಮಿಷನ್ ಬೇರೆ. 2017ರ ಹೊತ್ತಿಗೆ ಬಿಟ್‌ಕಾಯಿನ್ ಬದಲು ಎಂಕ್ಯಾಪ್ ಎಂಬ ತಮ್ಮದೇ ಟೋಕನ್ ಕೊಡತೊಡಗಿದರು. ಪುಣೆಯ ದತ್ತವಾಡಿ ಮತ್ತು ನಿಗಡಿ ಠಾಣೆಗಳಲ್ಲಿ ದೂರು ದಾಖಲಾಯಿತು, 2018ರಲ್ಲಿ ಪುಣೆ ಪೊಲೀಸರು ಭಾರದ್ವಾಜರನ್ನು ಬಂಧಿಸಿದರು. ಜಾಮೀನಿನ ಮೇಲೆ ಹೊರಗಿದ್ದ ಅವರು 2022ರ ಜನವರಿಯಲ್ಲಿ ತೀರಿಕೊಂಡರು. ದೇಶದ ಹಲವೆಡೆ ಇದ್ದ ಪ್ರಕರಣಗಳು ಸುಪ್ರೀಂ ಕೋರ್ಟಿನ ಆದೇಶದಂತೆ 2023ರಲ್ಲಿ ಸಿಬಿಐ ಕೈಗೆ ಹೋದವು.

ಈಗ ಪಾಯಸದ ನಿಯಮವನ್ನು ನೆನಪಿಸಿಕೊಳ್ಳಿ. ಪ್ರಪಂಚದ ಎಲ್ಲ ಗಣಿಗಾರರಿಗೂ ಹತ್ತು ನಿಮಿಷಕ್ಕೆ ಒಂದೇ ಬಹುಮಾನ. 2015ರಿಂದ 2017ರವರೆಗೆ ಯಂತ್ರಗಳು ಹೆಚ್ಚುತ್ತಲೇ ಹೋದವು, ಅಂದರೆ ಒಂದೊಂದು ಯಂತ್ರದ ಪಾಲು ಇಳಿಯುತ್ತಲೇ ಹೋಯಿತು. ಅದರ ನಡುವೆಯೇ, 2016ರ ಜುಲೈ 9ರಂದು, ಬಹುಮಾನ 25ರಿಂದ 12.5ಕ್ಕೆ ಇಳಿಯಿತು. ಆ ದಿನಾಂಕ ಬರುತ್ತದೆಂದು ಮೊದಲಿನಿಂದಲೂ ಗೊತ್ತಿತ್ತು. ಇಂಥ ಗಣಿಯಿಂದ ಪ್ರತಿ ತಿಂಗಳೂ ಅಷ್ಟೇ ಬಿಟ್‌ಕಾಯಿನ್ ಬರುತ್ತದೆ ಎಂಬ ಮಾತು ಗಣಿತಕ್ಕೇ ವಿರುದ್ಧ. ಇದನ್ನು ತಿಳಿಯಲು ಎಂಜಿನಿಯರಿಂಗ್ ಪದವಿ ಬೇಡ, ಭಿಶಿಯ ಲೆಕ್ಕ ಇಟ್ಟವಳಿಗೆ ಸಾಕು. ಆದರೆ ಗಣಿ ಎಂಬ ಮಾತಿನ ಮಾಯೆ ದೊಡ್ಡದು. ಪರಿಚಯದವರೇ ಹೇಳಿದಾಗ ಪ್ರಶ್ನೆ ಕೇಳುವುದಕ್ಕೆ ಸಂಕೋಚ.

ಪುಣೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆರೋಪಿಗಳ ವಾಲೆಟ್‌ಗಳನ್ನು ತೆರೆಯುವುದು ಪೊಲೀಸರಿಗೆ ಹೊಸ ಕೆಲಸವಾಗಿತ್ತು, ಆದ್ದರಿಂದ ಹೊರಗಿನ ಸೈಬರ್ ತಜ್ಞರ ನೆರವು ಪಡೆದರು. 2022ರ ಮಾರ್ಚ್‌ನಲ್ಲಿ ಅದೇ ಪುಣೆ ಪೊಲೀಸರು ಅಂಥ ಇಬ್ಬರು ತಜ್ಞರನ್ನು ಬಂಧಿಸಿದರು. ತನಿಖೆಯ ವೇಳೆ ವಾಲೆಟ್‌ಗಳಿಂದ ಕ್ರಿಪ್ಟೊ ಹಣವನ್ನು ತಮ್ಮ ಕಡೆಗೆ ವರ್ಗಾಯಿಸಿಕೊಂಡರು ಎಂಬುದು ಆರೋಪ.

ಹೆದ್ದಾರಿಯ ಆ ಕಡೆ, ಬೆಂಗಳೂರಿನಲ್ಲಿ, 2020ರ ನವೆಂಬರ್‌ನಲ್ಲಿ ಒಬ್ಬ ಯುವ ಹ್ಯಾಕರ್‌ನ ಬಂಧನವಾಯಿತು. 2021ರ ಜನವರಿಯಲ್ಲಿ ಸುಮಾರು 9 ಕೋಟಿ ರೂಪಾಯಿ ಮೌಲ್ಯದ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ ಎಂದು ಪೊಲೀಸರು ಪ್ರಕಟಿಸಿದರು. ಆ ನಾಣ್ಯಗಳು ನಿಜಕ್ಕೂ ಸರ್ಕಾರದ ಕೈಗೆ ಬಂದವೇ ಎಂಬ ಪ್ರಶ್ನೆ ರಾಜಕೀಯದಲ್ಲಿ ವರ್ಷಗಟ್ಟಲೆ ಗದ್ದಲ ಎಬ್ಬಿಸಿತು. 2023ರಲ್ಲಿ ವಿಶೇಷ ತನಿಖಾ ತಂಡ ರಚನೆಯಾಯಿತು, 2024ರ ಜನವರಿಯಲ್ಲಿ ಅದು ಒಬ್ಬ ಪೊಲೀಸ್ ಅಧಿಕಾರಿಯನ್ನೂ ಒಬ್ಬ ಸೈಬರ್ ತಜ್ಞನನ್ನೂ ಬಂಧಿಸಿತು. ತಪ್ಪು ಯಾರದ್ದೆಂದು ಹೇಳುವುದು ನ್ಯಾಯಾಲಯದ ಕೆಲಸ. ನಮಗೆ ತಿಳಿಯಬೇಕಾದದ್ದು ಇಷ್ಟು: ಈ ಹಣದಲ್ಲಿ ಕೀಲಿ ಹಿಡಿದವನೇ ಒಡೆಯ. ಪಂಚನಾಮೆ, ಮೊಹರು, ಸಹಿ ಇವು ಯಾವುವೂ ಬೀಗವಾಗುವುದಿಲ್ಲ. ಕೀಲಿಯನ್ನು ನೋಡಿದವನ ಬಳಿಯೂ ಕೀಲಿ ಇದ್ದಂತೆಯೇ.

ಮನೆಯ ಹೆಣ್ಣಿಗೆ ಇದರಲ್ಲೇನು?

ಇದೆಲ್ಲ ಗಂಡಸರ ಹುಚ್ಚು, ನಮಗೇಕೆ ಎನ್ನುವವರಿಗೆ ಇನ್ನೆರಡು ಘಟನೆಗಳು.

ಕೆನಡಾದ ಕ್ವಾಡ್ರಿಗಾ ಎಂಬ ವಿನಿಮಯ ಸಂಸ್ಥೆಯ ಮುಖ್ಯಸ್ಥ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂದಿದ್ದಾಗ ಜೈಪುರದಲ್ಲಿ ತೀರಿಕೊಂಡರು. ವಯಸ್ಸು 30. ಕೀಲಿಗಳೆಲ್ಲ ಅವರೊಬ್ಬರ ಬಳಿ ಇದ್ದವೆಂದು ಹೇಳಲಾಯಿತು. 76 ಸಾವಿರಕ್ಕೂ ಹೆಚ್ಚು ಗ್ರಾಹಕರಿಗೆ ಹಣ ಬರಬೇಕಿತ್ತು. ಪತ್ನಿ ನ್ಯಾಯಾಲಯಕ್ಕೆ ಹೇಳಿಕೆ ಕೊಡಬೇಕಾಯಿತು, ಅವರ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಅವಳಿಗೆ ಗೊತ್ತಿರಲಿಲ್ಲ. ತನಿಖೆ ನಡೆದಾಗ ಆ ವಾಲೆಟ್‌ಗಳು ಸಾವಿಗೂ ತಿಂಗಳುಗಳ ಮೊದಲೇ ಖಾಲಿಯಾಗಿದ್ದದ್ದು ತಿಳಿಯಿತು. 2020ರಲ್ಲಿ ಒಂಟಾರಿಯೊ ಪ್ರಾಂತ್ಯದ ನಿಯಂತ್ರಣ ಮಂಡಳಿ ಇದನ್ನು ವಂಚನೆ ಎಂದೇ ಕರೆಯಿತು. ಲೆಕ್ಕ ಕೇಳಿದವರೆಲ್ಲ ಬಂದು ನಿಂತದ್ದು ಹೊಸ ವಿಧವೆಯ ಬಾಗಿಲಿಗೆ.

ಇನ್ನೊಂದು, ಮೊದಲೇ ಹೇಳಿದ ಹ್ಯಾಲ್ ಫಿನ್ನಿಯದು. ಗಣಿ ನಡೆಸಿದ 2009ರಲ್ಲೇ ಅವರಿಗೆ ನರಗಳನ್ನು ಕೊಲ್ಲುವ ಎಎಲ್‌ಎಸ್ ಕಾಯಿಲೆ ಇರುವುದು ಗೊತ್ತಾಯಿತು. ದೇಹವೆಲ್ಲ ನಿಂತುಹೋದ ಮೇಲೂ ಕಣ್ಣಿನ ಚಲನೆಯಿಂದ ಕಂಪ್ಯೂಟರ್ ಬಳಸುತ್ತಿದ್ದರು. ತಮ್ಮ ಹಳೆಯ ವಾಲೆಟನ್ನು ಹುಡುಕಿ ತೆಗೆದು, ಕೀಲಿಗಳನ್ನು ಬ್ಯಾಂಕ್ ಲಾಕರಿನಲ್ಲಿಟ್ಟು, ಮಗ ಮತ್ತು ಮಗಳಿಗೆ ಅದರ ತಿಳಿವಳಿಕೆ ಇದೆ ಎಂದು ನೆಮ್ಮದಿಯಿಂದ ಬರೆದರು. ಚಿಕಿತ್ಸೆಯ ಖರ್ಚಿಗೆ ಆ ಬಿಟ್‌ಕಾಯಿನ್‌ಗಳಲ್ಲಿ ಬಹುಪಾಲನ್ನು ಮಾರಿದರು. 2014ರ ಆಗಸ್ಟ್ 28ರಂದು ತೀರಿಕೊಂಡರು. ಅವರ ಬಳಿ ಹಣ ಇದೆ ಎಂಬ ಸುದ್ದಿಯಿಂದಾಗಿ ಸುಲಿಗೆಕೋರರು 1,000 ಬಿಟ್‌ಕಾಯಿನ್ ಕೊಡಿ ಎಂದು ಆ ಕುಟುಂಬವನ್ನು ಕಾಡಿದರು, ಪತ್ನಿ ಫ್ರಾನ್ ಫಿನ್ನಿ ಗಂಡನ ಶುಶ್ರೂಷೆಯ ನಡುವೆ ಅದನ್ನೂ ಎದುರಿಸಿದರು. ಅಂದರೆ ಕೀಲಿಯ ವಿಷಯ ಮನೆಯವರಿಗೆ ತಿಳಿದಿರಬೇಕು, ಊರಿಗೆ ತಿಳಿಯಬಾರದು. ತಲೆಮಾರುಗಳಿಂದ ಒಡವೆಯ ಬಗ್ಗೆ ನಮ್ಮ ಹಿರಿಯ ಹೆಂಗಸರು ನಡೆಸಿಕೊಂಡು ಬಂದ ನಿಯಮವೂ ಇದೇ.

ಬ್ಯಾಂಕಿನ ಹಣ ಮರೆತರೂ ದಾರಿ ಇದೆ. ನಾಮಿನಿ ಇರುತ್ತಾರೆ, ವಾರಸಾ ಪ್ರಮಾಣಪತ್ರ ಇರುತ್ತದೆ, ಮರೆತ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ‘ಉದ್ಗಮ್’ ಎಂಬ ಜಾಲತಾಣವನ್ನೇ ತೆರೆದಿದೆ. ಸ್ವಂತ ವಾಲೆಟ್‌ಗೆ ಇದಾವುದೂ ಇಲ್ಲ. ನ್ಯಾಯಾಲಯ ಆಸ್ತಿ ನಿಮ್ಮದೇ ಎಂದು ತೀರ್ಪು ಕೊಡಬಹುದು, ಆದರೆ 78 ಅಂಕಿಗಳ ಸಂಖ್ಯೆಯನ್ನು ಕೊಡಲಾರದು.

ಆದ್ದರಿಂದ ಗೆಳತಿಯರೇ, ಈ ಹಣವನ್ನು ಕೊಳ್ಳಿ ಎಂದಾಗಲಿ, ಬೇಡ ಎಂದಾಗಲಿ ನಾನು ಹೇಳುತ್ತಿಲ್ಲ. ಮನೆಯಲ್ಲಿ ಗಂಡನನ್ನು, ಮಗನನ್ನು, ಮಗಳನ್ನು ಒಂದು ಮಾತು ಕೇಳಿ: ಇಂಥದ್ದು ಏನಾದರೂ ಇದೆಯೇ? ವಿನಿಮಯ ಸಂಸ್ಥೆಯಲ್ಲಿ ಇದೆಯೋ, ಸ್ವಂತ ವಾಲೆಟ್‌ನಲ್ಲೋ? ಪದಗಳನ್ನು ಬರೆದ ಕಾಗದ ಎಲ್ಲಿ? ಆ ಕಾಗದ ಮೊಬೈಲಿನ ಫೋಟೋ ಆಗಿ ಇರಬಾರದು, ಬೀರುವಿನಲ್ಲೋ ಲಾಕರಿನಲ್ಲೋ ಇರಬೇಕು. ಪಕ್ಕದಲ್ಲೇ ಕನ್ನಡದಲ್ಲಿ ಎರಡು ಸಾಲು ಬರೆದಿರಲಿ, ಇದು ಏನು, ಯಾರನ್ನು ಕೇಳಬೇಕು ಎಂದು. 2010ರ ಆಸುಪಾಸಿನ ಹಳೆಯ ಕಂಪ್ಯೂಟರನ್ನು ಭಂಗಾರಿನವನಿಗೆ ಕೊಡುವ ಮುನ್ನ, ಅದನ್ನು ಆಗ ಬಳಸುತ್ತಿದ್ದವರನ್ನು ಒಮ್ಮೆ ಕೇಳಿ. ಕಳೆದ ವಾಲೆಟ್ ತೆರೆದುಕೊಡುತ್ತೇನೆ ಎಂದು ಫೋನಿನಲ್ಲಿ ಆ 12 ಪದಗಳನ್ನು ಕೇಳುವವರಿಗೆ ಒಂದು ಪದವನ್ನೂ ಹೇಳಬೇಡಿ. ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸತೋಶಿಯ ಪಾಲಿನವು ಎಂದು ಸಂಶೋಧಕರು ಅಂದಾಜಿಸಿರುವ ಸುಮಾರು 10 ಲಕ್ಷ ಬಿಟ್‌ಕಾಯಿನ್‌ಗಳು ಮೊದಲ ವರ್ಷಗಳಿಂದ ಅಲುಗಾಡದೆ ಬಿದ್ದಿವೆ. 2011ರ ನಂತರ ಸತೋಶಿಯ ಮಾತೂ ನಿಂತಿತು. ಕೀಲಿ ಕಳೆದಿದೆಯೋ, ಒಡೆಯ ಇಲ್ಲವೋ, ಇದ್ದೂ ಮುಟ್ಟುತ್ತಿಲ್ಲವೋ, ಖಾತೆ ಪುಸ್ತಕ ಹೇಳುವುದಿಲ್ಲ. ಅದು ಮೊತ್ತವನ್ನು ಮಾತ್ರ ತೋರಿಸುತ್ತದೆ. ಗುಟ್ಟನ್ನು ಹೇಳಬೇಕಾದವರು ಮನುಷ್ಯರೇ, ಅದೂ ಬದುಕಿರುವಾಗಲೇ.